ಒಮ್ಮೆ ಚಾಲೂ ಆಗಿ, ಒಮ್ಮೆ ಆಗದ ಟ್ರಾಕ್ಟರು

ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರದ ಸುತ್ತಿನ ಗದ್ದೆಗಳಿಗೆ ಬಂದ ಕಾಲದಲ್ಲಿ ಟ್ರಾಕ್ಟರು ಒಂದು ದಿನ ನಿಂತರೂ ನಾಟಿಯ ಸರದಿ ತಪ್ಪುವುದು. ಪೂರ್ತಿಯಾಗಿ ಕೆಟ್ಟ ಯಂತ್ರದ ದೋಷವನ್ನು ಕಂಡುಹಿಡಿಯುವುದು ಸುಲಭ. ಮುಂಜಾನೆ ಹಟಮಾಡಿ, ಮೇಸ್ತ್ರಿಯು ಬಂದೊಡನೆ ತಾನಾಗಿ ಚಾಲೂ ಆಗುವ ಯಂತ್ರವೇ ಕಷ್ಟವಾದುದು. ಇಂತಹ ದೋಷವನ್ನು ಊಹೆಯಿಂದಲ್ಲ, ಕ್ರಮದಿಂದ ಹುಡುಕತಕ್ಕದ್ದು.

ಮೊದಲನೆಯದಾಗಿ, ದೋಷವು ಕಂಡ ಸಂದರ್ಭವನ್ನು ಪ್ರತಿಸಲವೂ ಬರೆದಿಡಬೇಕು. ಯಂತ್ರವು ತಣ್ಣಗಿತ್ತೇ, ಬಿಸಿಯಾಗಿತ್ತೇ? ಹಿಂದಿನ ದಿನ ತೊಳೆದಿದ್ದರೇ? ಕೀಲಿ ತಿರುಗಿಸಿದಾಗ ಯಾವ ಶಬ್ದವಾಯಿತು? ನಾಲ್ಕಾರು ಸಲದ ಬರಹವನ್ನು ನೋಡಿದರೆ ದೋಷದ ಗುಣವು ಹೊರಬೀಳುವುದು.

ಎರಡನೆಯದಾಗಿ, ಶಬ್ದವನ್ನು ಗಮನಿಸಬೇಕು. ಎಂಜಿನು ಚುರುಕಾಗಿ ತಿರುಗಿಯೂ ಉರಿ ಹತ್ತದಿದ್ದರೆ ಬ್ಯಾಟರಿಯ ತಪ್ಪಲ್ಲ. ಡೀಸೆಲಿನ ಕೊಳವೆಯಲ್ಲಿ ಗಾಳಿ ಸೇರಿರಬಹುದು, ಫಿಲ್ಟರು ಕಟ್ಟಿರಬಹುದು. ಎಂಜಿನು ನಿಧಾನವಾಗಿ ತಿರುಗಿದರೆ, ಅಥವಾ ಟಕ್ಕೆಂದು ನಿಂತರೆ, ಬ್ಯಾಟರಿ, ತಂತಿಯ ಕೂಡಿಕೆ, ಸ್ಟಾರ್ಟರು ಇವುಗಳ ಕಡೆ ನೋಡಬೇಕು. ದೀಪ ಹಚ್ಚಿ ಕೀಲಿ ತಿರುಗಿಸಿರಿ. ದೀಪವು ಆರುವಂತೆ ಮಂಕಾದರೆ ಬ್ಯಾಟರಿ ಇಲ್ಲವೆ ಅದರ ಕೂಡಿಕೆಗಳನ್ನು ಶಂಕಿಸಬೇಕು. ದೀಪವು ಕುಂದದೆ ಯಂತ್ರವು ಮೌನವಾಗಿದ್ದರೆ ಕೀಲಿಯ ಸ್ವಿಚ್ಚು, ಕ್ಲಚ್ಚು ಅಥವಾ ಗೇರಿನ ರಕ್ಷಣಾ ಸ್ವಿಚ್ಚು, ಸ್ಟಾರ್ಟರಿಗೆ ಹೋಗುವ ಸಣ್ಣ ತಂತಿ ಇವುಗಳನ್ನು ಪರೀಕ್ಷಿಸಬೇಕು.

ಮೂರನೆಯದಾಗಿ, ಅಳೆಯಬೇಕು. ಪೂರ್ಣವಾಗಿ ತುಂಬಿದ 12 ವೋಲ್ಟಿನ ಬ್ಯಾಟರಿಯು ಕೆಲವು ಗಂಟೆ ಸುಮ್ಮನಿದ್ದ ಮೇಲೆ ಸುಮಾರು 12.6 ವೋಲ್ಟು ತೋರುವುದು. ಸ್ಟಾರ್ಟರು ತಿರುಗುವಾಗ ಅದು ಸುಮಾರು 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಯು ದುರ್ಬಲವೆಂದು ತಿಳಿಯಬೇಕು. ಅಷ್ಟು ಇಳಿಯದೆಯೂ ಸ್ಟಾರ್ಟರು ಸೋತರೆ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೂ, ಇನ್ನೊಂದನ್ನು ಎಂಜಿನಿನ ಬರಿಯ ಲೋಹಕ್ಕೂ ಮುಟ್ಟಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಭೂತಂತಿಯ ಕೂಡಿಕೆಯು ಕೆಟ್ಟಿದೆ.

ಹರಿಹರದ ಕಡೆಯ ಒಬ್ಬ ಜಮೀನುದಾರರು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂಡಿದ್ದರೂ ಅವರ ಟ್ರಾಕ್ಟರು ವಾರಕ್ಕೊಮ್ಮೆ ಕೈಕೊಡುತ್ತಿತ್ತು. ನಾನು ಈ ರೀತಿ ಅಳೆದಾಗ ಮೀಟರು 2 ವೋಲ್ಟಿಗಿಂತ ಹೆಚ್ಚು ತೋರಿತು. ಕೆಸರು ಮೆತ್ತಿದ ಭೂತಂತಿಯ ಬೋಲ್ಟಿನಡಿ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ ಬಿಗಿಮಾಡಿದ ಮೇಲೆ ಆ ತೊಂದರೆಯು ಮರುಕಳಿಸಲಿಲ್ಲ. ಹಳೆಯ ಬ್ಯಾಟರಿಗಳಲ್ಲಿ ದೋಷವಿತ್ತೋ ಇಲ್ಲವೋ, ಯಾರೂ ಅಳೆದಿರಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮುಖಂಡರು ತಮ್ಮ ಗ್ರಾಮಗಳಲ್ಲಿ ಎಲ್ಲರಿಗೂ ಹೇಳಬೇಕು. ಕೀಲಿಯು ಕೇಳದಿದ್ದಾಗ ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಮೊಳೆಗಳನ್ನು ಕೂಡಿಸುವ ರೂಢಿಯು ಪ್ರಾಣಾಪಾಯಕರವಾದುದು. ಗೇರಿನಲ್ಲಿದ್ದ ಟ್ರಾಕ್ಟರು ಒಡನೆಯೇ ಮುನ್ನುಗ್ಗಿ, ಬಳಿಯಲ್ಲಿ ನಿಂತವನ ಮೇಲೆ ಹಿಂದಿನ ಗಾಲಿಯು ಹರಿಯುವುದು. ಬ್ಯಾಟರಿಯಿಂದ ಹೊರಡುವ ಅನಿಲವು ಸಿಡಿಯುವಂತಹುದಾದುದರಿಂದ ಅದರ ಹತ್ತಿರ ಬೀಡಿ ಸೇದಬಾರದು. ತಂತಿ ಬಿಚ್ಚುವಾಗ ಋಣದ ತಂತಿಯನ್ನು ಮೊದಲು ಬಿಚ್ಚಿ, ಕೂಡಿಸುವಾಗ ಕೊನೆಗೆ ಕೂಡಿಸತಕ್ಕದ್ದು.

1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತು ತಯಾರಿಸಿದ ಹರಿಹರದಲ್ಲಿ, ಅಳೆಯದೆ ಲೋಹವನ್ನು ಕತ್ತರಿಸಬಾರದೆಂಬುದು ಕೆಲಸಗಾರರಿಗೆ ತಿಳಿದ ಮಾತು. ಅಳೆಯದೆ ಬಿಡಿಭಾಗ ಕೊಳ್ಳಬಾರದೆಂಬುದನ್ನೂ ಅದರೊಡನೆ ಸೇರಿಸಿಕೊಂಡರೆ ರೈತರ ಹಣವೂ ನಾಟಿಯ ಕಾಲವೂ ಉಳಿಯುವುವು.