ತತ್ತಿಗೊಂದು ಕಿಟಕಿ

ಮಳಖೇಡ, ಸೇಡಂ ಕಡೆ ಕೋಳಿ ಸಾಕಿದ ಮನೆಯವರಿಗೆ ಎರಡು ಸಂಗತಿ ಯಾರೂ ಹೇಳಿಕೊಡಬೇಕಿಲ್ಲ: ಹುಂಜ ಇಲ್ಲದ ತತ್ತಿ ಮರಿಯಾಗುವುದಿಲ್ಲ, ಕಾವಿಗೆ ಕೂಡಿಸಿದ ತತ್ತಿ ಒಡೆಯಲು 21 ದಿನ ಬೇಕು. ಬಸುರಿಯರು ನುಂಗುವ ಔಷಧಿ ಮಗುವಿನ ಮಿದುಳಿಗೆ ಏನು ಮಾಡೀತು ಎಂದು ಹುಡುಕುವ ಪ್ರಯೋಗಾಲಯದ ಪಾಠವೂ ಇಲ್ಲಿಂದಲೇ ಶುರು. ಅಂಗಡಿಯ ಟ್ರೇಯಲ್ಲಿ ಬರುವ ಫಾರಂ ತತ್ತಿಯಿಂದ ಆ ಕೆಲಸ ಆಗದು.

ತತ್ತಿಯನ್ನು 37.5 ಡಿಗ್ರಿ ಆಸುಪಾಸಿನ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ನಮ್ಮ ಕಡೆಯ ಬೇಸಿಗೆಯೇ ಇದಕ್ಕೊಂದು ತೊಡಕು. 40 ದಾಟಿದ ಮೇ ತಿಂಗಳಲ್ಲಿ ತತ್ತಿಯನ್ನು ಹೊರಗೆ ಬಿಟ್ಟರೆ ಭ್ರೂಣ ತಾನಾಗಿಯೇ ಅಡ್ಡಾದಿಡ್ಡಿ ಬೆಳೆಯತೊಡಗುತ್ತದೆ. ಅತಿಯಾದ ಶಾಖವೂ ಮಿದುಳನ್ನು ಕೆಡಿಸುವುದರಿಂದ, ಆಮೇಲೆ ತಪ್ಪು ಔಷಧಿಯದೋ ಬಿಸಿಲಿನದೋ ಹೇಳಲು ಬರುವುದಿಲ್ಲ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವರು 24, 33, 48, 72 ಗಂಟೆಯ ಕೋಳಿಭ್ರೂಣದ ಗುಲಾಬಿ ಸ್ಲೈಡುಗಳನ್ನು ನೋಡಿಯೇ ಇರುತ್ತಾರೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ 24ನ್ನು 33 ಎಂದು ಬರೆದವರಲ್ಲಿ ನಾನೂ ಒಬ್ಬ. ಆದರೆ ಇಡೀ ವಿಷಯ ಇರುವುದೇ ಆ ಒಂಬತ್ತು ಗಂಟೆಗಳ ಅಂತರದಲ್ಲಿ. ಮೊದಲ ದಿನದ ಕೊನೆಗೆ ಮಿದುಳು ಹೆಚ್ಚುಕಡಿಮೆ ಒಂದು ಚಪ್ಪಟೆ ಹಾಳೆ. ಬಿಸಿ ಜೋಳದ ರೊಟ್ಟಿಯಲ್ಲಿ ಪಲ್ಯ ಇಟ್ಟು ಸುತ್ತಿದಂತೆ ಅದರ ಎರಡೂ ಅಂಚು ಮೇಲೆದ್ದು ಕೂಡಿಕೊಂಡು ನಳಿಗೆಯಾಗುತ್ತವೆ. 33ರ ಹೊತ್ತಿಗೆ ಮುಂದಿನ ತುದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ಮನುಷ್ಯರಲ್ಲಿ ಈ ನಳಿಗೆ ಮುಚ್ಚುವುದು ಗರ್ಭ ಕಟ್ಟಿದ 28ನೇ ದಿನದೊಳಗೆ. ಮುಟ್ಟು ಯಾಕೆ ತಪ್ಪಿತು ಎಂದು ತಾಯಿ ಲೆಕ್ಕ ಹಾಕುತ್ತಿರುವಾಗಲೇ ಕೆಲಸ ಮುಗಿದಿರುತ್ತದೆ.

ಕತ್ತಲ ಕೋಣೆಯಲ್ಲಿ ತತ್ತಿಗೆ ಬೆಳಕು ಹಿಡಿದು ಭ್ರೂಣ ಇರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತಾರೆ. ಸಿರಿಂಜಿನಿಂದ ಎರಡು ಮೂರು ಮಿಲಿಲೀಟರ್ ಬಿಳಿ ಲೋಳೆ ಎಳೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಗ ಸಣ್ಣ ಕತ್ತರಿಯಿಂದ ಮೇಲೆ ಬೆರಳುಗುರಿನಷ್ಟು ಕಿಟಕಿ ತೆಗೆಯಬಹುದು. ಅಡಿಗೆ ಒಂದು ಹನಿ ಕಪ್ಪು ಶಾಯಿ ಬಿಟ್ಟರೆ ಪಾರದರ್ಶಕ ಭ್ರೂಣ ಎದ್ದು ಕಾಣುತ್ತದೆ. ಅಳೆದ ಔಷಧಿ ಹಾಕಿ, ಟೇಪ್ ಅಂಟಿಸಿ ಮತ್ತೆ ಕಾವಿಗಿಡುತ್ತಾರೆ. ಕಿಟಕಿ ತೆಗೆಯುವುದರಿಂದಲೇ ಕೆಲವು ಭ್ರೂಣ ಊನವಾಗುತ್ತವೆ. ಹಾಗಾಗಿ ಬರೀ ಉಪ್ಪುನೀರು ಹಾಕಿದ ತತ್ತಿಗಳೂ ಮುಟ್ಟದೇ ಬಿಟ್ಟ ತತ್ತಿಗಳೂ ಜೊತೆಗೆ ಇರಲೇಬೇಕು. ಒಟ್ಟಿಗೆ ಕಾವಿಗಿಟ್ಟವು ಒಟ್ಟಿಗೇ ಬೆಳೆಯುವುದಿಲ್ಲವಾದ್ದರಿಂದ ವಯಸ್ಸನ್ನು ಗಡಿಯಾರ ನೋಡಿ ಹೇಳುವುದಿಲ್ಲ. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಕೊಟ್ಟ 46 ಹಂತಗಳೊಂದಿಗೆ ಹೋಲಿಸುತ್ತಾರೆ.

ಮಳಖೇಡದಲ್ಲಿ ನಿಂತು ಇದನ್ನು ಬರೆಯುವಾಗ ಜೈನ ವೈದ್ಯ ಉಗ್ರಾದಿತ್ಯ ನೆನಪಾಗದಿರುವುದಿಲ್ಲ. ಮಾಂಸ ಬಳಸದ ವೈದ್ಯಕ್ಕೆ ಪಟ್ಟುಹಿಡಿದ ಅವನ ‘ಕಲ್ಯಾಣಕಾರಕ’ದ ವಾದ ನಡೆದದ್ದು ಇಲ್ಲಿಂದ ಆಳಿದ ರಾಷ್ಟ್ರಕೂಟ ದೊರೆ ನೃಪತುಂಗನ ಸಭೆಯಲ್ಲೇ ಎನ್ನುತ್ತಾರೆ. ಇದು ಹಿಂಸೆಯಲ್ಲವೇ ಎಂದು ಅವನು ಕೇಳಿದ್ದರೆ, ಎರಡು ದಿನದ ಭ್ರೂಣದಲ್ಲಿ ನೋವು ತಿಳಿಯುವ ನರಜಾಲ ಇನ್ನೂ ಹುಟ್ಟಿರುವುದಿಲ್ಲ ಎಂಬ ಉತ್ತರ ಅವನಿಗೆ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ.

ಮೂರ್ಛೆರೋಗದ ವಾಲ್ಪ್ರೊಯೇಟ್ ಮಾತ್ರೆಯನ್ನೇ ನೋಡಿ. ಕೋಳಿಭ್ರೂಣದಲ್ಲಿ ಅದು ನಳಿಗೆ ಮುಚ್ಚದಂತೆ ಮಾಡುತ್ತದೆ. ಬಸಿರಲ್ಲಿ ಅದನ್ನು ತೆಗೆದುಕೊಂಡವರ ಮಕ್ಕಳಲ್ಲಿ ನೂರಕ್ಕೆ ಒಂದೆರಡರಲ್ಲಿ ಬೆನ್ನುಹುರಿ ತೆರೆದೇ ಉಳಿಯುವುದುಂಟು. ಆದರೂ ತತ್ತಿಯ ಮಾತೇ ಕೊನೆಯದಲ್ಲ. ಅದರಲ್ಲಿ ತಾಯಿಯ ಲಿವರ್ ಇಲ್ಲ, ಮಾಸು ಇಲ್ಲ. ಲಿವರಿನಲ್ಲಿ ಮಾರ್ಪಟ್ಟ ಮೇಲಷ್ಟೇ ವಿಷವಾಗುವ ಔಷಧಿ ತತ್ತಿಯಲ್ಲಿ ಸಿಕ್ಕಿಬೀಳದೆ ಪಾರಾಗಬಹುದು. ಮಾಸು ತಡೆಯಬಹುದಾದದ್ದು ನೇರ ಭ್ರೂಣಕ್ಕೇ ತಾಕಿ ಸುಮ್ಮನೆ ಹೆದರಿಸಬಹುದು. ಹಾಗಾಗಿ ತತ್ತಿ ಅನುಮಾನ ಹುಟ್ಟಿಸುತ್ತದೆ, ತೀರ್ಪು ತಾಯಂದಿರ ದಾಖಲೆಗಳಿಂದ ಬರಬೇಕು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ 1998ರಿಂದ ಮೂರ್ಛೆರೋಗವಿರುವ ಬಸುರಿಯರ ಅಂಥ ನೋಂದಣಿ ನಡೆಸುತ್ತಿದೆ.

ಇದನ್ನು ಓದಿ ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಬಸಿರಲ್ಲಿ ಮೂರ್ಛೆ ಬಂದರೆ ಅದೂ ಅಪಾಯವೇ. ಮಗು ಬೇಕೆಂದು ಯೋಚಿಸುವಾಗಲೇ ಡಾಕ್ಟರರಲ್ಲಿ ಮಾತ್ರೆ ಬದಲಿಸುವ ಬಗ್ಗೆ, ಫೋಲಿಕ್ ಆಮ್ಲದ ಬಗ್ಗೆ ಕೇಳಬೇಕು. ಮುಟ್ಟು ತಪ್ಪಿದ ಮೇಲೆ ಕೇಳಹೊರಟರೆ ನಳಿಗೆಯ ಲೆಕ್ಕದಲ್ಲಿ ಅದು ತಡ.