ಪದವನ್ನೇ ಹೆಸರಿಸುವಾಗ ಬಹುವಚನ: ಇಂಗ್ಲಿಷ್ ಬರವಣಿಗೆಯ ಒಂದು ತೊಡಕು

ಕನ್ನಡ ಪಠ್ಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ರಚಿಸುವ ಹೊರನಾಡಿನ ಸಂಶೋಧಕರಿಗೆ ಎದುರಾಗುವ ಒಂದು ತೊಡಕನ್ನು ಇಲ್ಲಿ ವಿವೇಚಿಸಬಯಸುತ್ತೇವೆ. ಪದವೊಂದು ತನ್ನ ಅರ್ಥವನ್ನು ಬದಿಗಿರಿಸಿ ಪದವಾಗಿಯೇ ಉಲ್ಲೇಖಗೊಂಡಾಗ ಅದರ ಬಹುವಚನವನ್ನು ಹೇಗೆ ಬರೆಯಬೇಕು? ತೊಡಕು ಲೇಖನಚಿಹ್ನೆಗೆ ಸಂಬಂಧಿಸಿದ್ದಾದರೂ ಅದರ ಪರಿಣಾಮ ಅರ್ಥದ ಮೇಲಾಗುತ್ತದೆ.

ಶಬ್ದಕ್ಕೂ ಅದು ಸೂಚಿಸುವ ವಸ್ತುವಿಗೂ ಇರುವ ಭೇದ ನಮ್ಮ ವ್ಯಾಕರಣ ಪರಂಪರೆಗೆ ಹೊಸದಲ್ಲ. ವ್ಯಾಕರಣಶಾಸ್ತ್ರದಲ್ಲಿ ಶಬ್ದವು, ಪಾರಿಭಾಷಿಕ ಸಂಜ್ಞೆಯಲ್ಲದಿದ್ದರೆ, ತನ್ನ ರೂಪವನ್ನೇ ಸೂಚಿಸುತ್ತದೆಂದು ಪಾಣಿನಿ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲಿಯೇ ವಿಧಿಸಿದ್ದಾನೆ. ಕನ್ನಡದಲ್ಲಿ ‘ಎಂಬ’ ಎನ್ನುವ ರೂಪ ಈ ಭೇದವನ್ನು ಕಾಯುತ್ತದೆ. ಮೂವರು ಶರಣರು ಎಂದರೆ ವ್ಯಕ್ತಿಗಳು. ‘ಶರಣ’ ಎಂಬ ಮೂರು ಪದಗಳು ಎಂದರೆ ಪದಗಳು. ಸಂಖ್ಯಾವಾಚಕವೇ ಬದಲಾಗುವುದರಿಂದ ಸಂದೇಹಕ್ಕೆ ಎಡೆಯಿಲ್ಲ.

ಇಂಗ್ಲಿಷಿನಲ್ಲಿ ಎರಡಕ್ಕೂ ಹತ್ತುವುದು ‘ಎಸ್’ ಅಕ್ಷರವೇ. ಪದವಾಗಿ ಉಲ್ಲೇಖಗೊಂಡದ್ದನ್ನು ಬೇರ್ಪಡಿಸಲು ‘ಎಸ್’ಗೆ ಮುನ್ನ ಅಪಾಸ್ಟ್ರಫಿಯನ್ನಿಡುವ ರೂಢಿ ಹಿಂದೆ ವ್ಯಾಪಕವಾಗಿತ್ತು, ಇಂದಿಗೂ ಅದು ಪೂರ್ಣವಾಗಿ ಅಳಿದಿಲ್ಲ. 1906ರಲ್ಲಿ ಮೊದಲು ಪ್ರಕಟವಾದ ಶಿಕಾಗೊ ಶೈಲಿ ಕೈಪಿಡಿಯ ಈಚಿನ ಆವೃತ್ತಿಗಳು ‘ಇಫ್’, ‘ಬಟ್’, ‘ಡು’, ‘ಡೋಂಟ್’ ಮೊದಲಾದವುಗಳ ಬಹುವಚನಕ್ಕೆ ಈ ಚಿಹ್ನೆ ಬೇಡವೆನ್ನುತ್ತವೆ. ‘ಡೋಂಟ್’ನಲ್ಲಿ ಮೊದಲೇ ಒಂದು ಅಪಾಸ್ಟ್ರಫಿಯಿದ್ದು, ಇನ್ನೊಂದನ್ನು ಸೇರಿಸಿದರೆ ಕಣ್ಣಿಗೆ ಅಡಚಣೆಯಾಗುವುದು ಸಹಜ. ಬಿಡಿಯಾದ ಚಿಕ್ಕ ಅಕ್ಷರಗಳಿಗೆ ಮಾತ್ರ ಚಿಹ್ನೆ ಉಳಿದಿದೆ. ಚಿಕ್ಕ ‘ಐ’ ಅಕ್ಷರಕ್ಕೆ ನೇರವಾಗಿ ‘ಎಸ್’ ಹಚ್ಚಿದರೆ ಅದು ‘ಈಸ್’ ಎಂಬ ಕ್ರಿಯಾಪದವಾಗಿಬಿಡುತ್ತದೆ. ಉಲ್ಲೇಖಿತ ಪದವನ್ನು ಓರೆ ಅಕ್ಷರದಲ್ಲಿ ಮುದ್ರಿಸಿದಾಗ ಬಹುವಚನದ ‘ಎಸ್’ ಅನ್ನು ನೇರ ಅಕ್ಷರದಲ್ಲಿಡುವ ಪದ್ಧತಿಯೂ ಉಂಟು; ಪ್ರತ್ಯಯವು ಆ ಪದದ ಭಾಗವಲ್ಲವೆಂಬುದನ್ನು ಅದು ತೋರಿಸುತ್ತದೆ.

ನಮ್ಮ ಸಂಶೋಧಕರ ಕಷ್ಟ ಇಲ್ಲಿಯೇ ಆರಂಭವಾಗುತ್ತದೆ. ಇಂಗ್ಲಿಷ್ ಪ್ರಬಂಧದಲ್ಲಿ ಲಿಪ್ಯಂತರಗೊಂಡ ಕನ್ನಡ ಪದಗಳೆಲ್ಲವೂ ಸಾಮಾನ್ಯವಾಗಿ ಓರೆ ಅಕ್ಷರದಲ್ಲಿಯೇ ಇರುತ್ತವೆ. ಆದ್ದರಿಂದ ಓರೆ ಅಕ್ಷರದ ‘ಶರಣ’ಕ್ಕೆ ನೇರ ಅಕ್ಷರದ ‘ಎಸ್’ ಹತ್ತಿದಾಗ ವಚನವೊಂದರಲ್ಲಿ ಮೂವರು ಶರಣರು ಬರುತ್ತಾರೆಯೋ ಆ ಪದ ಮೂರು ಬಾರಿ ಬರುತ್ತದೆಯೋ ಎಂಬುದು ತಿಳಿಯದು. ಅಪಾಸ್ಟ್ರಫಿಯನ್ನಿಟ್ಟರೆ ‘ಶರಣನ’ ಎಂಬ ಷಷ್ಠಿಯ ಭ್ರಮೆ ಹುಟ್ಟುತ್ತದೆ. ಪದಪ್ರಯೋಗದ ಎಣಿಕೆಯನ್ನೇ ಆಧಾರವಾಗಿಸಿಕೊಂಡ ಅಧ್ಯಯನದಲ್ಲಿ ಈ ಅಸ್ಪಷ್ಟತೆಯಿಂದ ವಾದವೇ ದಾರಿ ತಪ್ಪೀತು.

ಆದುದರಿಂದ ಓರೆ ಅಕ್ಷರವನ್ನು ಭಾಷಾಭೇದಕ್ಕೆ ಮೀಸಲಿಟ್ಟು, ಪದವಾಗಿ ಉಲ್ಲೇಖಿಸುವುದನ್ನು ಉದ್ಧರಣ ಚಿಹ್ನೆಗಳಲ್ಲಿಡುವುದು ಲೇಸು. ಬಹುವಚನದ ಭಾರವನ್ನು ಆ ಪದದ ಮೇಲೆ ಹೊರಿಸದೆ, ‘ಶರಣ’ ಎಂಬ ಪದದ ಮೂರು ಪ್ರಯೋಗಗಳು ಎಂಬರ್ಥ ಬರುವಂತೆ ಇಂಗ್ಲಿಷ್ ವಾಕ್ಯವನ್ನು ರಚಿಸಬೇಕು. ಅನುಸರಿಸಿದ ಕ್ರಮವನ್ನು ಪ್ರಬಂಧದ ಆರಂಭದಲ್ಲಿಯೇ ಸೂಚಿಸುವುದು ಅವಶ್ಯ. ಕನ್ನಡದ ‘ಎಂಬ’ ಅನಾಯಾಸವಾಗಿ ಕಾಯುವ ಭೇದವನ್ನು ಇಂಗ್ಲಿಷಿನಲ್ಲಿ ಬರೆಯುವವರು ಪ್ರಯತ್ನಪೂರ್ವಕವಾಗಿ ಕಾಯಬೇಕಾಗುತ್ತದೆ.