ಕಿವಿಯಿಂದ ಓದುವವರ ಅಗ್ನಿಪರೀಕ್ಷೆ

ಕನಕಪುರದಿಂದ ಮಳವಳ್ಳಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಸಾತನೂರು, ರೇಷ್ಮೆಯ ಸೀಮೆಗೆ ಸೇರಿದ ಊರು. ಈ ಸೀಮೆಯಲ್ಲಿ ನೂಲು ತೆಗೆಯುವವನು ಗೂಡಿಗೆ ಬೆಲೆ ಕಟ್ಟುವ ಮೊದಲು ಒಂದು ಹಿಡಿ ಎತ್ತಿಕೊಂಡು ಬೆರಳಿನಿಂದ ಅದುಮಿ ನೋಡುತ್ತಾನೆ. ಬಿಸಿನೀರಿನ ಬಾನಿಗೆ ಬಿದ್ದ ಮೇಲೆ ಎಳೆ ಕಡಿಯಿತೆಂದು ಗೊಣಗಿ ಫಲವೇನು? ದೋಷವಿದ್ದರೆ ಅದು ಮೊದಲೇ ತಿಳಿಯಬೇಕು. ಅದೂ ಮುಟ್ಟಿ ಅರಿಯಬಲ್ಲ ಕೈಗೇ ತಿಳಿಯಬೇಕು.

ಗಣಕಯಂತ್ರ, ಮೊಬೈಲ್ ಫೋನುಗಳ ಪ್ರಪಂಚದಲ್ಲಿಯೂ ಇಂಥದೊಂದು ಮುನ್ಪರೀಕ್ಷೆಯ ಪದ್ಧತಿ ಉಂಟು. ಯಂತ್ರದ ಸಮಸ್ತ ವ್ಯವಹಾರವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅದರ ಹೊಸ ಆವೃತ್ತಿ ಲೋಕದ ಕೈಗೆ ಬರುವ ಮುನ್ನ, ಒಪ್ಪಿ ಮುಂದೆ ಬಂದ ಕೆಲವರಿಗೆ ಅದನ್ನು ಕೊಟ್ಟು, ‘ತಪ್ಪು ಹುಡುಕಿ ತಿಳಿಸಿ’ ಎನ್ನುತ್ತಾರೆ. ತಯಾರಕರ ಮನೆಯೊಳಗಿನ ಪರೀಕ್ಷೆ ‘ಆಲ್ಫಾ’. ಹೊರಗಿನವರ ಪರೀಕ್ಷೆ ‘ಬೀಟಾ’. ಗ್ರೀಕ್ ವರ್ಣಮಾಲೆಯ ಮೊದಲೆರಡು ಅಕ್ಷರಗಳ ಹೆಸರುಗಳಿವು. ಕಣ್ಣುಳ್ಳವನಿಗೆ ಬೀಟಾ ಎಂಬುದು ಒಂದು ಕುತೂಹಲ; ಹೆಚ್ಚೆಂದರೆ ಒಂದಿಷ್ಟು ಕಿರಿಕಿರಿ. ಕಣ್ಣಿಲ್ಲದವನಿಗೋ, ಅದು ನಿಜವಾಗಿಯೂ ಅಗ್ನಿಪರೀಕ್ಷೆ. ಆದರೂ ಆ ಪರೀಕ್ಷೆಗೆ ತಾವಾಗಿಯೇ ಇಳಿಯುವ ಅಂಧರು ಅನೇಕ ದೇಶಗಳಲ್ಲಿದ್ದಾರೆ. ಅವರೇಕೆ ಇಳಿಯುತ್ತಾರೆ, ಕನ್ನಡಿಗರೂ ಏಕೆ ಇಳಿಯಬೇಕು ಎಂಬುದು ವಿಚಾರಾರ್ಹವಾದ ಸಂಗತಿ.

ಧ್ವನಿಯೇ ದೀಪ

ಕಣ್ಣು ಕಾಣದವರು ಗಣಕಯಂತ್ರವನ್ನು ಬಳಸುವುದಾದರೂ ಹೇಗೆಂದು ಕೆಲವು ವಾಚಕರು ಅಚ್ಚರಿಪಡಬಹುದು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶವೇ ಅವರ ಕಣ್ಣು. ನಾವು ಒಂದು ಗುಂಡಿಯ ಚಿತ್ರವನ್ನು ಕಾಣುವಲ್ಲಿ ಅದು ‘ಕಳುಹಿಸು, ಬಟನ್’ ಎಂದು ನುಡಿಯುತ್ತದೆ. ಅದು ಬಹುಮಟ್ಟಿಗೆ ಚಿತ್ರವನ್ನು ನೋಡಿ ಹೇಳುವ ಮಾತಲ್ಲ. ಪ್ರತಿಯೊಂದು ಗುಂಡಿಯ ಹೆಸರೇನು, ಅದು ಯಾವ ಬಗೆಯದು, ಅದರ ಈಗಿನ ಸ್ಥಿತಿ ಏನು ಎಂಬ ವಿವರಗಳನ್ನು ಆಪರೇಟಿಂಗ್ ಸಿಸ್ಟಮ್ ತೆರೆಮರೆಯಲ್ಲಿ ಒದಗಿಸುತ್ತದೆ; ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಹೊಸ ಆವೃತ್ತಿಯನ್ನು ರಚಿಸಿದವರು ಹೆಸರೊಂದನ್ನು ಬರೆಯಲು ಮರೆತರೆನ್ನಿ. ಗಾಜಿನ ಮೇಲೆ ಗುಂಡಿ ಥಳಥಳಿಸುತ್ತಲೇ ಇರುತ್ತದೆ; ಕಿವಿಗೆ ಮಾತ್ರ ‘ಬಟನ್’ ಎಂಬ ಬರಿಯ ಶಬ್ದ ಕೇಳಿಸುತ್ತದೆ. ಅದು ಹಣ ಕಳುಹಿಸುವ ಗುಂಡಿಯೋ, ಬರೆದುದನ್ನೆಲ್ಲ ಅಳಿಸುವ ಗುಂಡಿಯೋ, ಬಲ್ಲವರಾರು?

ಈ ಧ್ವನಿಯ ಚರಿತ್ರೆಯಲ್ಲಿ ಅಂಧರೇ ಅಗ್ರಗಣ್ಯರೆಂಬುದು ಗಮನಿಸತಕ್ಕ ವಿಷಯ. ಅಮೆರಿಕೆಯ ಟೆಡ್ ಹೆಂಟರ್ ಮೋಟಾರ್ ಸೈಕಲ್ ಪಂದ್ಯಗಳ ಪಟು. 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಅವರ ಸಂಸ್ಥೆ 1989ರಲ್ಲಿ ‘ಜಾಸ್’ ಎಂಬ ಸ್ಕ್ರೀನ್ ರೀಡರನ್ನು ಹೊರತಂದಿತು. ಆಗಿನ ಪರದೆಗಳಲ್ಲಿ ಇದ್ದುದು ಬರಿಯ ಅಕ್ಷರಗಳು. ಓದಿಸುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಚಿತ್ರಮಯವಾದ ವಿಂಡೋಸ್ ಬಂದೊಡನೆ ಆ ದಾರಿ ಮುಚ್ಚಿತು. ವಿಂಡೋಸಿಗೆ ಹೊಂದುವ ಜಾಸ್ ಬಂದುದು 1995ರಲ್ಲಿ. ನಮ್ಮ ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್ ಹದಿನಾಲ್ಕನೆಯ ವಯಸ್ಸಿನಲ್ಲಿ ಅಂಧರಾದವರು. ಮಾತನಾಡುವ ಯಂತ್ರಗಳ ಕ್ಷೇತ್ರದಲ್ಲಿ ಜಗತ್ತೇ ತಲೆದೂಗುವ ಕೆಲಸ ಮಾಡಿದರು. ಆಸ್ಟ್ರೇಲಿಯದ ಮೈಕೇಲ್ ಕರನ್ 2006ರಲ್ಲಿ ‘ಎನ್‌ವಿಡಿಎ’ ಎಂಬ ಸ್ಕ್ರೀನ್ ರೀಡರನ್ನು ಆರಂಭಿಸಿ, ಗೆಳೆಯ ಜೇಮ್ಸ್ ಟೆ ಅವರೊಡಗೂಡಿ ಬೆಳೆಸಿದರು. ಇಬ್ಬರೂ ಅಂಧರು. ಜಾಸಿನಂಥ ತಂತ್ರಾಂಶಗಳ ಬೆಲೆ ಬಡವರ ಕೈಗೆಟುಕದಿರುವಾಗ ಇದು ಎಲ್ಲರಿಗೂ ಉಚಿತ. ಆ್ಯಪಲ್ ಸಂಸ್ಥೆ ತನ್ನ ಗಣಕಗಳಲ್ಲಿ 2005ರಲ್ಲಿಯೂ ಐಫೋನಿನಲ್ಲಿ 2009ರಲ್ಲಿಯೂ ‘ವಾಯ್ಸ್‌ಓವರ್’ ಅನ್ನು ಅಳವಡಿಸಿತು. ಆಂಡ್ರಾಯ್ಡ್ ಫೋನುಗಳಿಗೆ ‘ಟಾಕ್‌ಬ್ಯಾಕ್’ ಬಂದುದೂ 2009ರಲ್ಲಿಯೇ.

ಧ್ವನಿ ನಿಂತರೆ?

ವಿಂಡೋಸಿನ ಮುನ್ಪರೀಕ್ಷೆಗೆಂದು ಸಾರ್ವಜನಿಕರು ಸೇರಬಹುದಾದ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಸಂಸ್ಥೆ 2014ರಲ್ಲಿ ಆರಂಭಿಸಿತು. ಐಫೋನಿನ ಹೊಸ ಆವೃತ್ತಿಯ ಘೋಷಣೆ ಜೂನ್ ತಿಂಗಳಿನಲ್ಲಾದರೆ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಈ ಎರಡು ಮೂರು ತಿಂಗಳುಗಳೇ ದೋಷಗಳನ್ನು ಹಿಡಿಯುವ ಕಾಲ. ಸಣ್ಣ ತಪ್ಪನ್ನು ತಿದ್ದಲು ಅಷ್ಟು ಅವಧಿ ಸಾಕು. ಆವೃತ್ತಿ ಹೊರಬಿದ್ದ ಮೇಲೆ ಅದೇ ತಪ್ಪು ಅಸಂಖ್ಯಾತ ಯಂತ್ರಗಳಲ್ಲಿ ನೆಲೆಯೂರುತ್ತದೆ.

ಅಪಾಯ ಇರುವುದು ಎಲ್ಲಿ? ಬೀಟಾ ಹಾಕಿದ ಯಂತ್ರದಲ್ಲಿ ಬಣ್ಣವೊಂದು ಕೆಟ್ಟರೆ ಕಣ್ಣುಳ್ಳವನು ಸೈರಿಸಿಕೊಂಡಾನು. ಅಂಧನ ಯಂತ್ರದಲ್ಲಿ ಧ್ವನಿಯೇ ನಿಂತುಹೋದರೆ ಆ ಯಂತ್ರ ಕೈಯಲ್ಲಿನ ಕಲ್ಲಿಗೆ ಸಮಾನ. ಅದನ್ನು ಸರಿಪಡಿಸುವ ಸೂಚನೆಗಳೂ ಆ ಮೂಕ ಪರದೆಯ ಮೇಲೆಯೇ ಇರುತ್ತವೆ! ಹಿಂದಿರುಗುವ ದಾರಿಯೂ ಸುಗಮವಲ್ಲ. ಐಫೋನಿನಲ್ಲಿ ಹಳೆಯ ಆವೃತ್ತಿಗೆ ಮರಳಬೇಕಾದರೆ ಎಲ್ಲವನ್ನೂ ಅಳಿಸಿ ಗಣಕದ ಸಹಾಯದಿಂದ ಮರುಸ್ಥಾಪಿಸಬೇಕು. ಬೀಟಾದಲ್ಲಿದ್ದಾಗ ತೆಗೆದಿರಿಸಿದ ಪ್ರತಿ ಹಳೆಯ ಆವೃತ್ತಿಗೆ ಒಗ್ಗದು. ಆಂಡ್ರಾಯ್ಡಿನಲ್ಲಿಯೂ ಬೀಟಾವನ್ನು ನಡುವೆ ತೊರೆದು ಹಿಂದಕ್ಕೆ ಬಂದರೆ ಫೋನಿನಲ್ಲಿದ್ದುದೆಲ್ಲ ಅಳಿಯುತ್ತದೆ.

ಸಾತನೂರಿನಂಥ ಊರಿನಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಾಳೆಂದು ಭಾವಿಸೋಣ. ಆಕೆಯ ಬಳಿ ಇರುವುದು ಒಂದೇ ಫೋನು. ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಲೆಕ್ಕ, ಪಾಠದ ಪುಸ್ತಕ, ಕನಕಪುರಕ್ಕೆ ಹೋದಾಗ ಮನೆಗೆ ಮಾಡುವ ಕರೆ, ಎಲ್ಲವೂ ಅದರಲ್ಲಿಯೇ. ಆಕೆಗೆ ‘ಬೀಟಾ ಹಾಕಿ ನೋಡು’ ಎನ್ನುವುದು ನ್ಯಾಯವಲ್ಲ. ಆದರೆ ಯಾರೂ ಹಾಕಿ ನೋಡದಿದ್ದರೆ, ಪರೀಕ್ಷೆಗೊಳಪಡದ ಆವೃತ್ತಿ ಕೆಲವೇ ತಿಂಗಳುಗಳಲ್ಲಿ ಆಕೆಯ ಫೋನಿಗೂ ತಾನಾಗಿಯೇ ಬಂದು ಕೂರುತ್ತದೆ. ಇಲ್ಲಿರುವ ಧರ್ಮಸಂಕಟ ಇದೇ: ಹೆಚ್ಚು ನಷ್ಟವಾಗುವುದು ಯಾರಿಗೋ, ಪರೀಕ್ಷಿಸುವ ಅನುಕೂಲ ಅವರಿಗೇ ಕಡಮೆ.

ಇದು ಬೆರಳೆಣಿಕೆಯ ಜನರ ಮಾತಲ್ಲ. 2011ರ ಜನಗಣತಿಯಲ್ಲಿ ದೃಷ್ಟಿದೋಷವುಳ್ಳವರೆಂದು ದೇಶದಲ್ಲಿ ಲೆಕ್ಕಕ್ಕೆ ಸಿಕ್ಕಿದವರು 50 ಲಕ್ಷಕ್ಕೂ ಮಿಗಿಲು. ಬ್ಯಾಂಕು, ಸರ್ಕಾರದ ಸವಲತ್ತು ಮುಂತಾದವು ಫೋನಿನೊಳಗೆ ಸೇರಿರುವ ಈ ಕಾಲದಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಜೀವಿಸುವ ಹಕ್ಕಿನಲ್ಲಿಯೇ ಅಡಕವಾದುದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ ತಿಂಗಳಿನಲ್ಲಿ ಸಾರಿತು. ಹಕ್ಕು ದೊರೆಯಿತು, ಸರಿ. ಗುಂಡಿಗೆ ಹೆಸರಿಲ್ಲದಿದ್ದರೆ ಹಕ್ಕನ್ನು ಒತ್ತುವುದೆಲ್ಲಿ?

ಕನ್ನಡದ ಕಿವಿ ಬೇಕು

ಇಂಗ್ಲಿಷಿನಲ್ಲಿ ಕೆಲಸ ಮಾಡುವ ಅಂಧ ಪರೀಕ್ಷಕರು ಇಂಗ್ಲಿಷಿನ ದೋಷಗಳನ್ನು ಹಿಡಿಯುತ್ತಾರೆ. ಕನ್ನಡದ ದೋಷಗಳನ್ನು ಹಿಡಿಯುವವರು ಯಾರು?

ಗಣಕಗಳಲ್ಲಿ ಲಿಪಿಗಳನ್ನು ಗುರುತಿಸುವ ಯುನಿಕೋಡ್ ಎಂಬ ಸಂಕೇತಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ‘ಸಾತನೂರು’ ಎಂದು ಬರೆದರೆ ಕಣ್ಣಿಗೆ ಕಾಣುವುದು 4 ಅಕ್ಷರ. ಯಂತ್ರದೊಳಗೆ ಇರುವುದು 7 ಸಂಕೇತ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ 6 ಸಂಕೇತಗಳ ಸಾಲು. ಅಂಧನು ಅಕ್ಷರಾಕ್ಷರವಾಗಿ ತಿದ್ದುತ್ತ ಹೋಗುವಾಗ ಕರ್ಸರ್ ಒತ್ತಕ್ಷರದ ನಡುವೆ ನಿಂತಿತೆ, ದಾಟಿತೆ ಎಂಬುದು ಧ್ವನಿಯಿಂದಲೇ ತಿಳಿಯಬೇಕು. ಹೊಸ ಆವೃತ್ತಿಯಲ್ಲಿ ಈ ಲೆಕ್ಕ ತಪ್ಪಿದರೆ, ಒಂದು ಒತ್ತು ಅಳಿಸಲು ಹೋಗಿ ಅಕ್ಷರವೇ ಅಳಿದುಹೋಗಬಹುದು. ಇಂಗ್ಲಿಷ್ ವಾಕ್ಯದ ನಡುವೆ ಕನ್ನಡದ ಹೆಸರು ಬಂದಾಗ ಧ್ವನಿ ಕನ್ನಡಕ್ಕೆ ಹೊರಳಬೇಕು. ಹೊರಳದಿದ್ದರೆ ಊರಿನ ಹೆಸರಿರುವ ಕಡೆ ಮೌನವೋ, ಅಪಭ್ರಂಶವೋ ಕೇಳಿಸುತ್ತದೆ. ಕನ್ನಡ ಬಾರದ ಪರೀಕ್ಷಕನಿಗೆ ಇವೆಲ್ಲ ತಪ್ಪೆಂದು ತೋರುವುದೇ ಇಲ್ಲ.

ಇಷ್ಟಾದರೂ ಸಾಧನಗಳಿಗೆ ಕೊರತೆಯಿಲ್ಲ. ಎನ್‌ವಿಡಿಎ ಜೊತೆಯಲ್ಲಿಯೇ ಬರುವ ‘ಇಸ್ಪೀಕ್ ಎನ್‌ಜಿ’ ಎಂಬ ಧ್ವನಿ ಕನ್ನಡವನ್ನೂ ನುಡಿಯಬಲ್ಲದು. ಅದರ ಉಚ್ಚಾರ ಯಾಂತ್ರಿಕವಾದರೂ ಅತಿ ವೇಗದಲ್ಲಿಯೂ ಸ್ಪಷ್ಟವಾಗಿರುವುದರಿಂದ ಬಳಕೆಯವರಿಗೆ ಪ್ರಿಯ. ಆಂಡ್ರಾಯ್ಡಿನಲ್ಲಿಯೂ ಕನ್ನಡದ ಧ್ವನಿ ಉಂಟು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಯುನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಕಡತಗಳು ಕಣ್ಣಿಗೆ ಕನ್ನಡವಾಗಿ ತೋರಿದರೂ ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಚಿಹ್ನೆಗಳ ಕಲಸುಮೇಲೋಗರ. ಅದು ಕಡತದ ದೋಷ, ಬೀಟಾದ ದೋಷವಲ್ಲ.

ಇಳಿಯುವವರಿಗೆ ನಾಲ್ಕು ಮಾತು

ಮೊದಲನೆಯದು, ನಿತ್ಯ ಬಳಸುವ ಏಕೈಕ ಯಂತ್ರಕ್ಕೆ ಬೀಟಾವನ್ನು ಎಂದೂ ಹಾಕಬಾರದು. ಎರಡನೆಯ ಯಂತ್ರವಿಲ್ಲದವರು ಎನ್‌ವಿಡಿಎ ಬೀಟಾದಿಂದ ತೊಡಗಬಹುದು. ಅದನ್ನು ಯಂತ್ರದಲ್ಲಿ ಸ್ಥಾಪಿಸದೆಯೇ, ಕಿಸೆಯಲ್ಲಿಟ್ಟುಕೊಳ್ಳುವ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಲು ಸಾಧ್ಯ.

ಎರಡನೆಯದು, ಬೀಟಾ ಹಾಕುವ ಮುನ್ನವೇ ಇರುವುದೆಲ್ಲದರ ಪ್ರತಿ ತೆಗೆದಿಡಬೇಕು. ಧ್ವನಿ ನಿಂತರೆ ಅದನ್ನು ಮತ್ತೆ ಎಬ್ಬಿಸುವ ಕೀಲಿಗಳನ್ನು ಬಾಯಿಪಾಠ ಮಾಡಿರಬೇಕು. ಆಂಡ್ರಾಯ್ಡಿನಲ್ಲಿ ಶಬ್ದದ ಎರಡು ಗುಂಡಿಗಳನ್ನೂ ಒಟ್ಟಿಗೆ ಕೆಲವು ಕ್ಷಣ ಒತ್ತಿಹಿಡಿಯುವುದು, ವಿಂಡೋಸಿನಲ್ಲಿ ವಿಂಡೋಸ್, ಕಂಟ್ರೋಲ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತುವುದು, ಇಂಥವು.

ಮೂರನೆಯದು, ದೋಷದ ವರದಿ ಸ್ಪಷ್ಟವಾಗಿರಬೇಕು. ‘ಕೆಲಸ ಮಾಡುವುದಿಲ್ಲ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ಯಾವ ಆವೃತ್ತಿ, ಯಾವ ಧ್ವನಿ, ಯಾವ ಕ್ರಮದಲ್ಲಿ ಏನನ್ನು ಒತ್ತಲಾಯಿತು, ಏನು ಕೇಳಿಸಬೇಕಾಗಿತ್ತು, ಏನು ಕೇಳಿಸಿತು, ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತೆ, ಇಷ್ಟನ್ನೂ ಬರೆಯಬೇಕು. ಮುಂದಿನ ಬೀಟಾ ಬಂದಾಗ ಅದೇ ದೋಷವನ್ನು ಮತ್ತೆ ಪರೀಕ್ಷಿಸಿ ತಿಳಿಸಿದರೆ ವರದಿಗೆ ತೂಕ ಬರುತ್ತದೆ.

ನಾಲ್ಕನೆಯದು ವ್ಯಕ್ತಿಗಳಿಗಲ್ಲ, ಸಂಸ್ಥೆಗಳಿಗೆ ಹೇಳತಕ್ಕ ಮಾತು. ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ಶಾಲೆ ಆರಂಭವಾದುದು 1901ರಲ್ಲಿ. ಬೆಂಗಳೂರಿನ ಮಿತ್ರಜ್ಯೋತಿ 1990ರಲ್ಲಿ ಹುಟ್ಟಿದುದು. ಅಂಧರ ವಿದ್ಯಾಭ್ಯಾಸಕ್ಕೆ ನಾಡಿನಲ್ಲಿ ಇಂಥ ದೀರ್ಘ ಪರಂಪರೆಯಿರುವಾಗ, ಇಂಥ ಕೇಂದ್ರಗಳಲ್ಲಿಯೂ ತಾಲ್ಲೂಕಿನ ಗ್ರಂಥಾಲಯಗಳಲ್ಲಿಯೂ ಪರೀಕ್ಷೆಗೆಂದೇ ಒಂದೊಂದು ಯಂತ್ರವನ್ನು ಮೀಸಲಿಡುವುದು ಅಸಾಧ್ಯವೇನಲ್ಲ. ಆಗ ಒಂದೇ ಫೋನುಳ್ಳ ವಿದ್ಯಾರ್ಥಿನಿಯೂ ತನ್ನದನ್ನು ಪಣಕ್ಕೊಡ್ಡದೆ ಪರೀಕ್ಷಕಿಯಾಗಬಲ್ಲಳು.

ಅಂಧರನ್ನು ಸಹಾಯ ಪಡೆಯುವವರೆಂದು ಮಾತ್ರ ಎಣಿಸುವುದು ನಮ್ಮ ಸಮಾಜದ ಹಳೆಯ ಅಭ್ಯಾಸ. ಈ ಕೆಲಸದಲ್ಲಿ ಅವರು ಕೊಡುವವರು. ಅವರು ಒಂದು ಸಂಜೆ ಕುಳಿತು ಬರೆದ ವರದಿ ಒಪ್ಪಿತವಾದರೆ, ಅದರ ಫಲ ಅವರ ಹೆಸರನ್ನೂ ಅರಿಯದ ಸಾವಿರಾರು ಜನರಿಗೆ ದೊರೆಯುತ್ತದೆ. ಸಾತನೂರಿನ ಹೆಸರನ್ನು ಯಂತ್ರ ಸರಿಯಾಗಿ ಉಚ್ಚರಿಸಿತೆ ಎಂಬುದನ್ನು ದೂರದೇಶದ ಯಾವ ತಜ್ಞನೂ ಹೇಳಲಾರ. ಅದನ್ನು ಹೇಳಬಲ್ಲವರು ಇಲ್ಲಿಯೇ ಇದ್ದಾರೆ. ಅವರ ಕೈಗೊಂದು ಯಂತ್ರ ಸಿಗಬೇಕು, ಅಷ್ಟೇ.